ಜನ ಇದ್ದಂತೆ ಕಾಣುವ ಮನೆಗಳು

ಆ ಎತ್ತರದ ಕಟ್ಟಡದಲ್ಲಿ ಮನೆಗಳಿಗೆ ಲೆಕ್ಕವಿಲ್ಲ, ಮನುಷ್ಯರಿಗೆ ಬರ. ಕೊಂಡವರೆಲ್ಲ ಬೆಲೆ ಏರಲಿ ಎಂದು ಬೀಗ ಜಡಿದು ಹೋದವರೇ. ಖಾಲಿ ಬಿದ್ದಿವೆ ಎಂದು ಗೊತ್ತಾದರೆ ಮಿಕ್ಕ ಮನೆಗಳು ಬಿಕರಿಯಾಗುವುದಿಲ್ಲವಲ್ಲ, ಅದಕ್ಕೇ ಕಾವಲಿನ ತಾತ ಸಂಜೆಯಾದರೆ ಒಂದೊಂದೇ ಬಾಗಿಲು ತೆರೆದು, "ದೇವರೇ" ಎಂದು ದೀಪ ಹಾಕಿ ಬರುತ್ತಿದ್ದ. ಅವನ ಸ್ವಂತ ಬಿಡಾರ ಮೆಟ್ಟಿಲ ಕೆಳಗೆ. ಕಾಲು ಚಾಚಿದರೆ ತಲೆ ಬಾಗಿಲಾಚೆ.

ಒಂದು ದಿನ ಮಗಳು ಹಸುಗೂಸನ್ನು ಎತ್ತಿಕೊಂಡು ಬಂದಳು. ಅವಳ ಗಂಡ ಗಾರೆ ಕೆಲಸದವನು. ಅವನು ಕಟ್ಟುತ್ತಿದ್ದ ಕಟ್ಟಡ ಮುಗಿಯಿತು, ಕೂಲಿಯವರ ಶೆಡ್ಡು ಕಿತ್ತೆಸೆದರು. ಬೇರೆ ಊರಲ್ಲಿ ನೆಲೆ ಹುಡುಕಿ ಅವನು ಕರೆಸಿಕೊಳ್ಳುವವರೆಗೆ ತಾಯಿ-ಮಗುವಿಗೆ ಒಂದು ಸೂರು ಬೇಕಿತ್ತು.

"ಇಷ್ಟೊಂದು ಮನೆ ಇಟ್ಕೊಂಡು ಮೆಟ್ಟಿಲ ಕೆಳಗೆ ಮಲಗ್ತೀಯಲ್ಲಪ್ಪಾ, ಜಿಪುಣ!" ಎಂದು ನಕ್ಕಳು.

"ಬೀಗದ ಕೈ ನನ್ನದು ಕಣೇ, ಬಾಗಿಲು ಅವರದು."

ಆದರೂ ಆ ಗೂಡಿನ ಧೂಳಿಗೆ ಕೂಸು ಕೆಮ್ಮತೊಡಗಿದಾಗ ತಾತ ಬೀಗದ ಕೈ ಗೊಂಚಲು ಎತ್ತಿಕೊಂಡ. "ತಪ್ಪಾಯ್ತು ತಂದೆ" ಎಂದು ದೇವರಿಗೆ ಕೈಮುಗಿದು ಮೇಲಿನ ಒಂದು ಮನೆ ತೆರೆದುಕೊಟ್ಟ. ಗೋಡೆ ಮುಟ್ಟಬೇಡ, ಜೋರಾಗಿ ಲಾಲಿ ಹಾಡಬೇಡ, ಎಲ್ಲ ಹೇಳಿದ. ಒಂದು ಮಾತು ಮರೆತ. ಬಾಣಂತಿಗೆ ಬಿಸಿಲು ಕಂಡರೆ ಬಿಡುತ್ತಾಳೆಯೇ? ಮಾರನೆಯ ಮಧ್ಯಾಹ್ನ ಕೂಸಿನ ಬಟ್ಟೆ ಒಗೆದು ಬಾಲ್ಕನಿಯ ತುಂಬ ಹರವಿದಳು.

ಸ್ವಲ್ಪ ಹೊತ್ತಿಗೇ ಕಟ್ಟಡದ ಮ್ಯಾನೇಜರು ಅದನ್ನು ಕೆಳಗಿನಿಂದಲೇ ಕಂಡ.

"ಅಲ್ಲಿ ಯಾರು?"

"ನನ್ನ ಮಗಳು, ಸ್ವಾಮಿ. ಅಳಿಯ ಕರೆಸ್ಕೊಳ್ಳೋ ತನಕ..."

"ಜನ ಇದ್ದ ಹಾಗೆ ಕಾಣ್ಬೇಕು ಅಂದಿದ್ದೆ. ಜನ ಇರ್ಲಿ ಅಂದಿದ್ನಾ? ಈಗಲೇ ಗೇಟಿನಾಚೆ ಕಳಿಸು." ಹೊರಟವನು ತಿರುಗಿ ಮೇಲೆ ನೋಡಿದ. "ಬಟ್ಟೆ ಅಲ್ಲೇ ಇರ್ಲಿ. ನಾಳೆ ಗಿರಾಕಿಗಳು ಬರ್ತಾರೆ. ಸಂಸಾರಸ್ಥರ ಮನೆ ಥರ ಚೆನ್ನಾಗಿ ಕಾಣುತ್ತೆ."

ತಾತ ಮಗಳ ಮುಖ ನೋಡದೆ ಇದ್ದದ್ದು ಇದ್ದಂತೆ ಹೇಳಿದ. ಅವಳು ಹಸಿ ಬಟ್ಟೆಗಳನ್ನೇ ಎಳೆದೆಳೆದು ಗಂಟು ಕಟ್ಟತೊಡಗಿದಳು.

"ಒಂದೆರಡಾದ್ರೂ ಬಿಡೇ. ನನ್ನ ಕೆಲಸ ಹೋಗುತ್ತೆ."

"ನನ್ನ ಕೂಸು ಇರಬಾರದ ಕಡೆ ಅದರ ಚಿಂದಿ ಯಾಕಪ್ಪಾ?"

ತಾತ ಅವಳ ಕೈಗೆಟುಕದೆ ಉಳಿದಿದ್ದ ಪುಟ್ಟ ಅಂಗಿಯನ್ನು ತಾನೇ ಬಿಡಿಸಿ ಕೊಟ್ಟ.

ನೆಲೆ ಸಿಗದೆ ಗಂಡ ಬೇರೆ ಊರಲ್ಲಿ ಮಲಗುವ ಮರಳಿನ ರಾಶಿಯ ಹತ್ತಿರಕ್ಕೇ ಹೋಗುತ್ತೇನೆಂದಳು ಮಗಳು. ತಾತ ಗಂಟು ಹೊತ್ತು ಬಸ್ಸಿನವರೆಗೆ ನಡೆದ. ನೀರು ತೊಟ್ಟಿಕ್ಕಿ ಅವನ ಅಂಗಿಯೊಳಗೆ ಇಳಿಯಿತು. ಬಸ್ಸು ಹೋಯಿತು. ಕೂಸಿನ ಬಟ್ಟೆಯ ನೀರಿಗೆ ಹೆಗಲು ಇನ್ನೂ ಒದ್ದೆಯಾಗಿತ್ತು. ಸುಡುಬಿಸಿಲು, ಬೇಗ ಒಣಗಿಬಿಟ್ಟೀತು ಎಂದು ತಾತ ನೆರಳಿಗೆ ಸರಿದು ನಿಂತ.