ಮೂರು ತಪ್ಪಿದರೆ ಪೆಟ್ಟಿಗೆ ಬಂದ್

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ಆ ಸಿಟ್ಟಿನಿಂದಲೇ ನಮ್ಮೂರಿಗೆ ಸ್ವಂತ ಟಪಾಲು ಪೆಟ್ಟಿಗೆ ಬಂತು, ಅದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಎಂಬತ್ತೊಂದನೇ ಇಸವಿಯ ಮಾತು. ವಾರಕ್ಕೆರಡು ಸಲ ಸೈಕಲ್ ತುಳಿದು ಬರುತ್ತಿದ್ದ ಪೋಸ್ಟ್‌ಮನ್ ಪಂಪಣ್ಣ ಊರಿನ ಕಾಗದವನ್ನೆಲ್ಲ ಕೊಟ್ರಬಸಪ್ಪನ ಚಹಾದ ಹೋಟೆಲಿನಲ್ಲಿ ಇಟ್ಟು ಹೋಗುತ್ತಿದ್ದ. ಮುನಿಸಿಕೊಂಡು ತವರಿಗೆ ಹೋಗಿದ್ದ ನನ್ನ ಹೆಂಡತಿ ಹಜರತಬೀ ಗಂಗಾವತಿಯಿಂದ ಒಂದು ಕಾರ್ಡು ಬರೆಸಿದ್ದಳು: “ಊರ ಮಂದಿ ಅಂಗಿ ಅಳತಿ ಎಲ್ಲಾ ಗೊತ್ತೈತಿ, ಹೆಂಡತಿ ಮನಸ್ಸು ಗೊತ್ತಿಲ್ಲ. ತಪ್ಪಾತು ಅಂದ್ರ ಬರ್ತೀನಿ.” ನಾನು ಹೋಗುವಷ್ಟರಲ್ಲಿ ಹೋಟೆಲಿನ ಮಂದಿ ಅದನ್ನು ಬಾಯಿಪಾಠ ಮಾಡಿದ್ದರು. ಥೂ! ತಪ್ಪಾಯಿತೆಂದು ಹೇಳಿ ಅವಳನ್ನು ಕರೆತಂದ ಮೇಲೂ ನಗು ನಿಲ್ಲಲಿಲ್ಲ.

ನನ್ನ ಹೊಲಿಗೆ ಅಂಗಡಿಯಲ್ಲಿ ದೊಡ್ಡ ಟ್ರಂಕು ಇಟ್ಟೆ. ಒಳಗೆ ಮನೆಗೊಂದರಂತೆ ಬಟ್ಟೆಯ ಜೇಬು ಹೊಲಿದು, ಕೀಲಿ ಜಡಿದೆ. ಕಾಗದ ಇನ್ನು ಇಲ್ಲೇ ಎಂದಾಗ ಪಂಪಣ್ಣನೂ ಒಪ್ಪಿದ. ನನ್ನ ಕಾಯಿದೆ ಎರಡೇ. ಕಾಗದ ಒಯ್ಯಲು ಯಾರೇ ಬರಲಿ, ಅದರ ಮೇಲೆ ಹೆಸರಿದ್ದವರು ಮೊದಲೇ ನನ್ನ ಕಿವಿಯಲ್ಲಿ ಹೇಳಿಟ್ಟ ಗುಟ್ಟಿನ ಮಾತನ್ನು ಹೇಳಬೇಕು. ಮೂರು ಸಲ ತಪ್ಪಿದರೆ ಪೆಟ್ಟಿಗೆ ಬಂದ್. ಆಮೇಲೆ ಹೆಸರಿದ್ದವರೇ ಬರಬೇಕು.

ಮೊದಲ ದಿನ ಮೂವತ್ತೊಂದು ಮಂದಿ ಬಂದು ಕಿವಿಯಲ್ಲಿ ಪಿಸುಗುಟ್ಟಿದರು. ಇಪ್ಪತ್ತಾರು ಮಂದಿಯದು ಒಂದೇ ಮಾತು: ‘ಹುಲಿಗೆಮ್ಮ.’

“ಎಲ್ಲಾರೂ ಹುಲಿಗಿ ಜಾತ್ರಿಗೆ ಹೋಗೋರ ಅದೀರಿ, ನನಗೂ ಗೊತ್ತೈತಿ! ಊರಿಗೆಲ್ಲಾ ಒಂದ ಕೀಲಿಕೈ ಹಂಚಿದ್ರ ಕೀಲಿ ಯಾಕ ಬೇಕ್ರಿ? ದೇವರನ್ನ ಬಿಟ್ಟು ಬ್ಯಾರೆ ಹೇಳ್ರಿ!” ಎಂದು ಕೂಗಾಡಿದೆ.

ದೇವರನ್ನು ಬಿಟ್ಟು ಎತ್ತಿನ ಹೆಸರಿಗೆ ಬಂದರು. ಆಗಲಿ, ಎತ್ತುಗಳಿಗೆ ಬೇರೆ ಬೇರೆ ಹೆಸರಾದರೂ ಇದ್ದವು. ಬಾಲಪ್ಪನ ತಮ್ಮನ ಹೆಂಡತಿ ಮಾರೆವ್ವ ಮಾತ್ರ ಇನ್ನೇನನ್ನೋ ಹೇಳಿದಳು. ಏಳನೇ ತರಗತಿ ಓದಿದ್ದ ಅವಳು ಬಾಲವಾಡಿ ಟೀಚರ್ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಮನೆಯ ಸೊಸೆ ನೌಕರಿಗೆ ಹೋಗುವುದು ಭಾವ ಬಾಲಪ್ಪನಿಗೆ ಸುತಾರಾಂ ಇಷ್ಟವಿರಲಿಲ್ಲ.

ಒಂದು ಗುರುವಾರ ಅವಳ ಹೆಸರಿಗೆ ಸರ್ಕಾರಿ ಲಕೋಟೆ ಬಂತು. ಶನಿವಾರದೊಳಗೆ ಯಲಬುರ್ಗಾದಲ್ಲಿ ಹಾಜರಾಗದಿದ್ದರೆ ಕೆಲಸ ಇನ್ನೊಬ್ಬರ ಪಾಲು ಎಂದು ಪಂಪಣ್ಣ ಹೇಳಿದ. ಇಂಥದೇ ಇನ್ನೊಂದನ್ನು ಅವನು ಪಕ್ಕದೂರಲ್ಲಿ ಕೊಟ್ಟು ಬಂದಿದ್ದ. ಮಾರೆವ್ವ ಹೊಲದಲ್ಲಿದ್ದಳು. ಪಂಪಣ್ಣನ ಸೈಕಲ್ ಮರೆಯಾಗುವುದರೊಳಗೆ ಬಾಲಪ್ಪ ಹಾಜರ್.

“ಬಡೇಸಾಬ, ನಮ್ಮ ಮನಿ ಕಾಗದ ತಾ ಇಲ್ಲೆ.”

“ಮನೀದಲ್ಲ, ಮಾರೆವ್ವಂದು. ಮಾತು ಹೇಳು.”

“ಹುಲಿಗೆಮ್ಮ.”

“ಒಂದು ತಪ್ಪು.”

“ಹರಿದು ಒಲಿಗೆ ಹಾಕೂ ಕಾಗದಕ್ಕ ಎಂಥಾ ಮಾತೋ ಮಾರಾಯಾ!”

ನನ್ನ ಸಿಟ್ಟು ನೆತ್ತಿಗೇರಿತು. “ಎಂಟು ವರ್ಷ ಆತು, ಆಕಿ ಮಾಡಿ ಹಾಕಿದ್ದ ಉಣ್ಣಾಕತ್ತೀರಿ. ಆಕಿಗೆ ಭಾಳ ಸೇರೂ ತಿನಿಸು ಯಾವುದು? ಅದ ಆ ಮಾತು. ಹೇಳು ನೋಡೋಣು!”

ಅಂದವನೇ ನಾಲಿಗೆ ಕಚ್ಚಿಕೊಂಡೆ. ಕೀಲಿ ಜಡಿದ ನಾನೇ ಕಿಂಡಿ ಕೊರೆದಿದ್ದೆ!

“ಹೋಳಿಗಿ,” ಎಂದ ಬಾಲಪ್ಪ. ಅದೂ ತಪ್ಪು. ಒಂದೇ ಉಳಿಯಿತು. ಅವ್ವನನ್ನು ಕೇಳಿ ಬರುತ್ತೇನೆಂದು ಓಡಿದ.

ಆಮೇಲೆ ಹೊಲಿಗೆಗೆ ಕೂತೆ. ಒಂದು ಅಂಗಿಗೆ ಎರಡೂ ಎಡಗೈ ತೋಳೇ ಹಚ್ಚಿಬಿಟ್ಟೆ. ಸೊಸೆಗೆ ಸೇರುವುದು ಅತ್ತೆಗೆ ಗೊತ್ತಿಲ್ಲದೆ ಇರುತ್ತದೆಯೇ? ಗೊತ್ತಿದ್ದರೆ ಆ ಹುಡುಗಿಯ ಕೆಲಸ ನನ್ನ ಹಾಳು ಬಾಯಿಂದಲೇ ಹೋಯಿತು.

ಸಂಜೆ ಅತ್ತೆ ಹಂಪವ್ವ ಬಂದಳು. ಅವಳ ಹಿಂದೆ ಮಣ್ಣುಗಾಲಿನಲ್ಲಿ ಮಾರೆವ್ವ, ಅವರ ಹಿಂದೆ ಮೋರೆ ಊದಿಸಿಕೊಂಡ ಬಾಲಪ್ಪ.

“ಮೂರನೇದ್ದು ನೀ ಹೇಳ್ತಿಯೇನಬೇ ಯಕ್ಕಾ?” ಎಂದೆ.

“ಏನ್ ಹೇಳ್ಲೋ ಬಡೇಸಾಬ. ಮನ್ಯಾಗ ಒಬ್ಬೊಬ್ರು ಒಂದೊಂದು ಅಂದ್ರು. ಆಕಿ ಗಂಡ ಅನ್ನೋನೂ ತಲಿ ಕೆರಕೊಂಡ. ಎತ್ತಿಗೆ ಏನ್ ಸೇರ್ತೈತಿ ಅಂತ ಎಲ್ಲಾರಿಗೂ ಗೊತ್ತೈತಿ. ಸೊಸಿದು ಒಬ್ಬರಿಗೂ ಗೊತ್ತಿಲ್ಲ.” ಸೊಸೆಯ ಕಡೆ ತಿರುಗಿದಳು. “ನೀನರ ಹೇಳಬಾರದಾಗಿತ್ತೇನ?”

“ಯಾರೂ ಕೇಳಲಿಲ್ಲ, ಅತ್ತಿ.” ಆಮೇಲೆ ಮಾರೆವ್ವ ನನ್ನತ್ತ ನೋಡಿದಳು. “ಚಿಗಳಿ, ಕಾಕಾ.”

ಹುಣಸೆಹಣ್ಣು, ಬೆಲ್ಲ, ಜೀರಿಗೆ ಕುಟ್ಟಿ, ಕಡ್ಡಿಗೆ ಮೆತ್ತಿ ಮಕ್ಕಳು ಚೀಪುವ ಚಿಗಳಿ! ಹಂಪವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ಕೀಲಿ ತೆಗೆದೆ. ಬಾಲಪ್ಪ ಕೈ ಚಾಚಿದ. ಆ ಕೈಯ ಮೇಲೆ ಅವನ ಅವ್ವ ಫಟ್ಟನೆ ಹೊಡೆದಳು. ಕಾಗದ ಮಾರೆವ್ವನ ಕೈ ಸೇರಿತು.

“ನಾಳಿ ಮುಂಜಾನಿ ಬಸ್ಸಿಗೆ ನೀನ ಕರಕೊಂಡು ಹೋಗು. ಬರೂಮುಂದ ಹುಣಸಿಹಣ್ಣು ತಾ,” ಎಂದಳು ಹಂಪವ್ವ ಮಗನಿಗೆ.

“ಮಾರೆವ್ವ, ಇನ್ನ ಹೊಸಾ ಮಾತು ಬೇಕವಾ. ಇದು ಊರಿಗೆಲ್ಲಾ ಗೊತ್ತಾತು,” ಎಂದೆ. ಅವಳು ನಗುತ್ತ ಕಿವಿಯಲ್ಲಿ ಒಂದು ಮಾತು ಹೇಳಿ ಹೋದಳು.

ಮನೆಗೆ ಹೋದಾಗ ಹಜರತಬೀ ರೊಟ್ಟಿ ಬಡಿಯುತ್ತಿದ್ದಳು. ಮೀಸೆ ತಿರುವುತ್ತ ನಡೆದದ್ದನ್ನೆಲ್ಲ ಹೇಳಿದೆ. “ಎಂಥಾ ಮಂದಿ ಅದಾರ ನೋಡು! ಎಂಟು ವರ್ಷದಾಗ ಆಕಿಗೆ ಏನ್ ಸೇರ್ತೈತಿ ಅಂತ ಒಬ್ಬರೂ ಕೇಳಿಲ್ಲ!”

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

“ನಮ್ಮ ಲಗ್ನ ಆಗಿ ಇಪ್ಪತ್ತು ವರ್ಷ ಆತು. ನನಗೇನ್ ಸೇರ್ತೈತಿ? ಹೇಳ್ರಿ. ನಿಮ್ಮ ಕಾಯಿದೆದಂಗ ಮೂರು ಸಲ.”

ಮೂರೂ ತಪ್ಪಿದೆ.