ಒಂದು ಕತ್ತಿಗೆ ಅನುಮತಿ

ರಟ್ಟಿನ ಪೆಟ್ಟಿಗೆಯಿಂದ ಮೊದಲ ಕತ್ತಿಯನ್ನು ಹೊರಗೆಳೆದ ರುದ್ರೇಶ್, ಎರಡೂ ಕೈಯಲ್ಲಿ ಎತ್ತಿ ಎಲ್ಲರಿಗೂ ತೋರಿಸಿದ. ಹಿಡಿಕೆಗೆ ಚಿನ್ನದ ಬಣ್ಣ, ಅಲಗಿಗೆ ಬೆಳ್ಳಿ ಬಣ್ಣ. ಹೂವಮ್ಮ ಹತ್ತಿರ ಬಂದು ತುದಿಯನ್ನು ಬೆರಳಿನಿಂದ ಒತ್ತಿದಳು. ಬಾಗಿತು. ಬಿಟ್ಟಳು, ಬಳುಕಿಕೊಂಡು ನೆಟ್ಟಗಾಯಿತು.

"ಅಯ್ಯೋ, ಇದರಲ್ಲಿ ಬದನೆಕಾಯಿ ಹೆಚ್ಚೋಕೂ ಆಗಲ್ಲ ಮಾರಾಯ್ರೆ!"

ಗೋಪಾಳ ಬಡಾವಣೆಯ ಸಮುದಾಯ ಭವನದಲ್ಲಿ ಭಾನುವಾರದ ತಾಲೀಮಿಗೆ ಸೇರಿದ್ದ ಹೆಂಗಸರೆಲ್ಲ ನಕ್ಕರು. ನಗದೆ ಇದ್ದವಳು ಬಸವರಾಜೇಶ್ವರಿ ಒಬ್ಬಳೇ. ಮಹಿಳಾ ವೀರಗಾಸೆ ತಂಡ ಕಟ್ಟಿದವಳು ಅವಳು. ವಾರವಿಡೀ ಹಿಟ್ಟಿನ ಗಿರಣಿ ನಡೆಸುತ್ತಾಳೆ, ಭಾನುವಾರ ಕತ್ತಿ ಹಿಡಿಯುತ್ತಾಳೆ.

"ಹೆಚ್ಚೋದು ಬೇಡ ಅಂತಾನೇ ಫೈಬರಿಂದು ತರಿಸಿದ್ದು," ಎಂದ ರುದ್ರೇಶ್. ಗಲ್ಫಿನ ಕನ್ನಡ ಸಂಘದ ಕಾರ್ಯಕ್ರಮಕ್ಕೆ ತಂಡವನ್ನು ಕರೆದೊಯ್ಯುವ ಉಸ್ತುವಾರಿ ಅವನದು. "ಅಲ್ಲಿ ಕಾನೂನು ನಮ್ಮೂರಿನ ಥರ ಅಲ್ಲ. ಏರ್‌ಪೋರ್ಟಲ್ಲಿ ಉಕ್ಕಿನ ಕತ್ತಿ ಸಿಕ್ತು ಅಂದ್ರೆ ಮುಗೀತು. ಕತ್ತೀನೂ ಹೋಗುತ್ತೆ, ನೀವೂ ಒಳಗೆ ಹೋಗ್ತೀರ."

ಹೂವಮ್ಮ ತಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡಳು. ಮಾಚೇನಹಳ್ಳಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ ಅವಳದು. ರಜೆ ಹಾಕಿಯಾಗಿತ್ತು. ಬರುವಾಗ ಎಲ್ಲರಿಗೂ ಖರ್ಜೂರ ತರುತ್ತೇನೆ ಎಂದು ಕಂಪನಿ ಬಸ್ಸಿನಲ್ಲಿ ಡ್ರೈವರಿಗೂ ಸೇರಿಸಿ ಮಾತು ಕೊಟ್ಟಿದ್ದಳು. ಜೈಲಿನ ಯೋಚನೆ ಅವಳ ಪಟ್ಟಿಯಲ್ಲಿ ಇರಲಿಲ್ಲ.

"ಎಲ್ಲರಿಗೂ ಇದೇನಾ?" ಬಸವರಾಜೇಶ್ವರಿ ಕೇಳಿದಳು. "ಹಾಗಾದ್ರೆ ನನ್ನ ಕತ್ತಿ ಫೋಟೋ, ಅಳತೆ ಎಲ್ಲ ಯಾಕೆ ಕಳಿಸಿ ಅಂದಿದ್ದೆ? ಇವತ್ತು ಹೊತ್ಕೊಂಡು ಬನ್ನಿ ಅಂತ ಬೇರೆ ಹೇಳಿದ್ದೆ."

ರುದ್ರೇಶ್ ಕುತ್ತಿಗೆ ಕೆರೆದುಕೊಂಡ. "ಒಂದೇ ಒಂದು ನಿಜವಾದ ಕತ್ತಿಗೆ ಅನುಮತಿ ಕೊಡ್ತಾರಂತೆ ಅಕ್ಕ. ಅರ್ಜೀಲಿ ನಿಮ್ಮ ಕತ್ತೀನೇ ಹಾಕಿದೀವಿ. ಆದ್ರೆ ಅದನ್ನ ಹಿಡಿಯೋರು ಇಂಥೋರು ಅಂತ ಒಬ್ಬರ ಹೆಸರು ಕೊಡ್ಬೇಕಲ್ಲ..." ಅವನ ಕಣ್ಣು ಬಾಗಿಲ ಕಡೆ ಹೋಯಿತು.

ಬಾಗಿಲಲ್ಲಿ ಶಿವಮೂರ್ತಪ್ಪ ಚಪ್ಪಲಿ ಬಿಡುತ್ತಿದ್ದರು. ಭದ್ರಾವತಿಯ ಹಳೇ ವೀರಗಾಸೆ ತಂಡದ ಯಜಮಾನರು. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಹೊಸ ಶಲ್ಯ.

ಬಸವರಾಜೇಶ್ವರಿ ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮದುವೆಯಾದ ಹೊಸತರಲ್ಲಿ ಕುಣಿತ ಕಲಿಯುವ ಆಸೆಯಿಂದ ಅವಳು ಹೋಗಿ ನಿಂತದ್ದು ಇದೇ ಮನುಷ್ಯನ ಮುಂದೆ. ಹೆಜ್ಜೆ ಕಲಿಸಿದರು, ಇಲ್ಲವೆನ್ನುವಂತಿಲ್ಲ. ಚೆನ್ನಾಗಿಯೇ ಕಲಿಸಿದರು. ಆದರೆ ಕೈಗೆ ಕೊಟ್ಟದ್ದು ಮರದ ಕತ್ತಿ. "ಹೆಣ್ಣುಮಕ್ಕಳಿಗೆ ಇಷ್ಟು ಸಾಕು. ಉಕ್ಕಿಂದು ಆಯುಧ ಕಣಮ್ಮ, ಹುಡುಗಾಟ ಅಲ್ಲ," ಎಂದಿದ್ದರು. ಒಂದು ವರ್ಷ ಅವಳು ಮರವನ್ನೇ ತಿರುಗಿಸಿದಳು. ಆಮೇಲೆ ಭದ್ರಾವತಿಯಲ್ಲೇ ಗೋವಿಂದಯ್ಯನ ಕುಲುಮೆಗೆ ಹೋಗಿ, ಲಾರಿಯ ಸ್ಪ್ರಿಂಗ್ ಪಟ್ಟಿ ಕಾಯಿಸಿ ಬಡಿಸಿ ತನ್ನದೇ ಕತ್ತಿ ಮಾಡಿಸಿಕೊಂಡಳು. ಅದನ್ನು ಹಿಡಿದು ಮೊದಲ ಸಲ ಕುಣಿದ ದಿನ ಶಿವಮೂರ್ತಪ್ಪ ತಮ್ಮವರನ್ನೆಲ್ಲ ಎಬ್ಬಿಸಿಕೊಂಡು ಹೊರಟುಹೋಗಿದ್ದರು. ಅವಳು ಕುಣಿತ ನಿಲ್ಲಿಸಿರಲಿಲ್ಲ.

"ನಾನಾಗಿ ಕೇಳಿದ್ದಲ್ಲಮ್ಮ," ಎಂದರು ಶಿವಮೂರ್ತಪ್ಪ ಒಳಗೆ ಬರುತ್ತ. "ಇವರೇ ಕರೆದ್ರು. ಕರೆದಾಗ ಬರಲ್ಲ ಅನ್ನೋಕಾಗುತ್ತಾ?"

"ನನ್ನ ಹೆಸರು ಯಾಕೆ ಕೊಡಲಿಲ್ಲ?" ಅವಳು ರುದ್ರೇಶನನ್ನೇ ಕೇಳಿದಳು.

"ಹೆಂಗಸರ ಹೆಸರಲ್ಲಿ ಕತ್ತಿ ಅಂದ್ರೆ ಇಲ್ಲದ ಪ್ರಶ್ನೆ ಹುಟ್ಕೊಳ್ಳುತ್ತೆ ಅಕ್ಕ. ಇವರು ಹಿರಿಯರು, ಮುಂದೆ ನಿಂತ್ಕೋತಾರೆ. ನೀವೆಲ್ಲ ಹಿಂದೆ ಫೈಬರಿಂದು ಹಿಡ್ಕೊಂಡು..."

"ಕಾರ್ಯಕ್ರಮದ ಹೆಸರೇನು ಹೇಳು?"

"ಮಹಿಳಾ ವೀರಗಾಸೆ," ಎಂದು ಹಿಂದಿನಿಂದ ಶೀತಲ್ ಹೇಳಿದಳು. ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳು, ಬಾಯಿ ಮಾತ್ರ ಎಲ್ಲರಿಗಿಂತ ದೊಡ್ಡದು.

ಅಷ್ಟರಲ್ಲಿ ರುದ್ರೇಶನ ಫೋನು ಹೊಡೆದುಕೊಳ್ಳತೊಡಗಿತು. ಅವನ ಮುಖದ ಬಣ್ಣವೇ ಬದಲಾಯಿತು. "ಅಲ್ಲಿನ ಆಫೀಸಿಂದ ವಿಡಿಯೋ ಕಾಲು. ಕತ್ತಿ ಬಗ್ಗೆ ಎರಡು ಪ್ರಶ್ನೆ ಕೇಳ್ತಾರೆ ಅಷ್ಟೇ. ದಮ್ಮಯ್ಯ, ಯಾರೂ ಮಾತಾಡ್ಬೇಡಿ. ಹೆಚ್ಚುಕಮ್ಮಿ ಆದ್ರೆ ಇಡೀ ಟ್ರಿಪ್ಪೇ ಕ್ಯಾನ್ಸಲ್!"

ಫೋನನ್ನು ಮೇಜಿನ ಮೇಲೆ ನೀರಿನ ಬಾಟಲಿಗೆ ಒರಗಿಸಿ ನಿಲ್ಲಿಸಿದ. ಶಿವಮೂರ್ತಪ್ಪ ಕುರ್ಚಿಯಲ್ಲಿ ಕೂತರು. ಗೋಡೆಗೆ ಒರಗಿಸಿದ್ದ ಬಸವರಾಜೇಶ್ವರಿಯ ಕತ್ತಿಯನ್ನು ರುದ್ರೇಶನೇ ತಂದು ಅವರ ತೊಡೆಯ ಮೇಲಿಟ್ಟ. ತನ್ನ ಕತ್ತಿ ಬೇರೆಯವರ ತೊಡೆಯ ಮೇಲೆ ಮಲಗಿದ್ದನ್ನು ಅವಳು ನೋಡುತ್ತ ನಿಂತಳು.

ತೆರೆಯ ಮೇಲೆ ಕನ್ನಡ ಸಂಘದ ಮೇಧಾ, ಪಕ್ಕದಲ್ಲಿ ಗಡ್ಡದ ಅಧಿಕಾರಿ. ಅವನು ಏನೋ ಕೇಳಿದ, ಮೇಧಾ ಕನ್ನಡದಲ್ಲಿ ಹೇಳಿದಳು: "ಇದು ಯಾವ ಥರದ ವಸ್ತು ಅಂತ ಕೇಳ್ತಿದಾರೆ ಸರ್."

ಶಿವಮೂರ್ತಪ್ಪ ಒಮ್ಮೆ ರುದ್ರೇಶನ ಮುಖ ನೋಡಿದರು. ಅವನು ತುಟಿ ಆಡಿಸಿ ಹೇಳಿಕೊಟ್ಟ.

"ಅಲಂಕಾರದ್ದು," ಎಂದರು ಶಿವಮೂರ್ತಪ್ಪ, ತಲೆ ತಗ್ಗಿಸಿ. "ಸುಮ್ನೆ ಶೋಕಿಗೆ ಹಿಡ್ಕೊಳ್ಳೋದು. ಆಟದ ಸಾಮಾನು ಇದ್ದಂಗೆ."

ಬಸವರಾಜೇಶ್ವರಿಗೆ ತಡೆಯಲಾಗಲಿಲ್ಲ. ಹೆಣ್ಣು ಮುಟ್ಟಬಾರದು ಎನ್ನುವಾಗ ಆಯುಧವಾಗಿದ್ದದ್ದು ಈ ಮುದುಕ ವಿಮಾನ ಹತ್ತುವಾಗ ಆಟದ ಸಾಮಾನಾಯಿತೇ? ಒಂದು ಹೆಜ್ಜೆ ಮುಂದಿಟ್ಟವಳು ಹೂವಮ್ಮನ ಮುಖ ಕಂಡು ನಿಂತಳು. ಬಾಯಿ ಬಿಟ್ಟರೆ ತನ್ನೊಬ್ಬಳ ಪ್ರಯಾಣ ಹೋಗುವುದಲ್ಲ, ಇವಳದ್ದೂ ಹೋಗುತ್ತದೆ. ಎಲ್ಲರದ್ದೂ ಹೋಗುತ್ತದೆ.

ಹೂವಮ್ಮನಿಗೂ ಅದು ಅರ್ಥವಾಗಿತ್ತು. ಸೆರಗಿನಿಂದ ಮುಖ ಒರೆಸಿಕೊಂಡಳು. "ಹೇಳಕ್ಕ," ಎಂದಳು. "ಖರ್ಜೂರ ನಮ್ಮೂರ ಗಾಂಧಿ ಬಜಾರಲ್ಲೂ ಸಿಗುತ್ತೆ."

ಬಸವರಾಜೇಶ್ವರಿ ಮೇಜಿನ ಮುಂದೆ ಬಂದು ಬಗ್ಗಿದಳು. "ಅವರು ಹೇಳಿದ್ದು ಸುಳ್ಳು ಮೇಡಂ. ಅದು ಆಟದ ಸಾಮಾನಲ್ಲ. ಆಯುಧ."

ರುದ್ರೇಶ್ ಫೋನಿಗೆ ಕೈ ಹಾಕಲು ಹೋದ. "ಮುಟ್ಟಿದ್ರೆ ನೋಡು," ಎಂದಳು ಅವಳು, ಅವನ ಕಡೆ ತಿರುಗದೆ. ಅವನು ಮುಟ್ಟಲಿಲ್ಲ.

ಮೇಧಾ ಗಾಬರಿಯಾಗಿದ್ದಳು. "ಅಕ್ಕ... ಇದನ್ನ ಹಾಗೇ ಹೇಳಲಾ? ಯೋಚನೆ ಮಾಡಿ."

"ಹಾಗೇ ಹೇಳಿ. ಒಂದು ಮಾತೂ ಬಿಡಬೇಡಿ. ಲಾರಿ ಪಟ್ಟಿಯ ಉಕ್ಕು, ಅಲಗು ಮಸೆದಿದೆ. ಅದನ್ನ ಹಿಡಿದು ಇಷ್ಟು ವರ್ಷ ಕುಣಿದಿದೀನಿ, ಒಬ್ಬರಿಗೂ ಗಾಯ ಮಾಡಿಲ್ಲ. ಕತ್ತಿ ನಂದು, ಕುಣಿಯೋಳೂ ನಾನೇ. ಬರಬೇಕು ಅಂದ್ರೆ ಅದನ್ನ ನಾನೇ ಹಿಡ್ಕೊಂಡು ಬರ್ತೀನಿ. ಆಗಲ್ಲ ಅಂದ್ರೆ ಬೇಡ, ನಾವು ಇಲ್ಲೇ ಕುಣೀತೀವಿ. ಆದ್ರೆ ಈ ರಬ್ಬರಿನಂಥದ್ದು ಹಿಡ್ಕೊಂಡು ಯಾರ ಹಿಂದೂ ನಿಲ್ಲಲ್ಲ."

ಮೇಧಾ ಹೇಳುತ್ತ ಹೋದಳು. ಅಧಿಕಾರಿಯ ಮುಖದಲ್ಲಿ ಏನೂ ಕಾಣಲಿಲ್ಲ. ಭವನದ ಹಿಂದಿನ ರಸ್ತೆಯಲ್ಲಿ ತರಕಾರಿ ಗಾಡಿಯವನ ಕೂಗು ಬಂದು ಹೋಯಿತು. ಅಧಿಕಾರಿ ಕೊನೆಗೆ ಒಂದೆರಡು ಮಾತಾಡಿದ.

"ಆಟದ ಸಾಮಾನಾಗಿದ್ರೆ ಅನುಮತಿ ಕೇಳ್ಕೊಂಡು ನನ್ನ ಹತ್ರ ಯಾಕೆ ಬರ್ತಿದ್ರಿ ಅಂತಾರೆ," ಎಂದಳು ಮೇಧಾ. "ಮತ್ತೆ... ಕತ್ತಿ ನಿಮ್ದಾದ್ರೆ ಇವರ ಹೆಸರು ಯಾಕಿದೆ ಅಂತ ಕೇಳ್ತಿದಾರೆ."

ರುದ್ರೇಶ್ ಫ್ಯಾನು ನೋಡತೊಡಗಿದ. ಶಿವಮೂರ್ತಪ್ಪ ಮಾತ್ರ ಮೊಣಕಾಲಿಗೆ ಕೈಯೂರಿ ಮೆಲ್ಲಗೆ ಎದ್ದರು. ಕತ್ತಿಯನ್ನು ಮೇಜಿನ ಮೇಲಿಟ್ಟು, ಗೋಡೆಯ ಪಕ್ಕಕ್ಕೆ ಸರಿದು ನಿಂತರು.

ಬಸವರಾಜೇಶ್ವರಿ ಕುರ್ಚಿಯಲ್ಲಿ ಕೂತಳು. ಕತ್ತಿ ಎತ್ತಿಕೊಂಡಳು.

"ಅನುಮತಿ ಸಿಗುತ್ತೋ ಇಲ್ವೋ ನಾಳೆ ತಿಳಿಸ್ತಾರಂತೆ," ಎಂದಳು ಮೇಧಾ. "ಈಗ ಹೆಸರು ತಿದ್ದಬೇಕು. ನಿಧಾನಕ್ಕೆ ಹೇಳಬೇಕಂತೆ. ಉದ್ದ ಇದ್ರೆ ಚಿಕ್ಕದು ಮಾಡಿ ಹೇಳಿದ್ರೂ ನಡೆಯುತ್ತಂತೆ."

"ಬಸವ," ಎಂದು ಅವಳು ಶುರು ಮಾಡಿದಳು.

ತೆರೆಯ ಮೇಲೆ ಅಧಿಕಾರಿ ತಲೆ ಬಗ್ಗಿಸಿ ಒಂದೊಂದೇ ಅಕ್ಷರ ಒತ್ತುತ್ತಿದ್ದ. ಅವನು ತಲೆಯೆತ್ತುವವರೆಗೆ ಕಾದು ಅವಳು ಮುಂದಿನದನ್ನು ಹೇಳುತ್ತಿದ್ದಳು. ಹೆಸರು ಉದ್ದವಿತ್ತು. ಅವಳು ಒಂದಕ್ಷರವನ್ನೂ ಬಿಡಲಿಲ್ಲ.