ಆವಿ ಹೇಳುವ ಮಾತು

ಕ್ರೋಂಪೇಟೆಯ ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೆಳಗಿನ ಎಲೆಕ್ಟ್ರಿಕ್ ಟ್ರೈನು ಹಾದುಹೋಗುವ ಹೊತ್ತಿಗೆ, ರತ್ನಕ್ಕನ ಅಡುಗೆಮನೆಯಲ್ಲಿ ಎಲ್ಲ ಕೈಗಳೂ ಒಂದು ಗಳಿಗೆ ನಿಲ್ಲುತ್ತಿದ್ದವು. ಒಲೆಗಳು ಉರಿಯುತ್ತಲೇ ಇರುತ್ತಿದ್ದವು, ಸಾರು ತನ್ನಷ್ಟಕ್ಕೆ ಗುಳುಗುಳು ಎನ್ನುತ್ತಲೇ ಇರುತ್ತಿತ್ತು. ಹಿರಿಯ ಅಡುಗೆಯವ ಗುಂಡಣ್ಣ ಕೊಳದಪ್ಪಲೆಯ ಮುಚ್ಚಳವನ್ನು ಮೆಲ್ಲಗೆ ಓರೆ ಮಾಡುತ್ತಿದ್ದ. ರತ್ನಾವತಿ ಒಂದು ಮಾರು ದೂರದಲ್ಲಿ, ಮುಖವನ್ನು ಅರೆಪಾಲು ಆಚೆ ತಿರುಗಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು.

ದೇವರಿಗೆ ನೈವೇದ್ಯವಾಗುವ ಮೊದಲು ಆ ಮನೆಯಲ್ಲಿ ಯಾರೂ ಅಡುಗೆಯ ರುಚಿ ನೋಡುವಂತಿರಲಿಲ್ಲ. ಬೇಕೆಂದು ಮೂಸಿ ನೋಡುವುದೂ ತಪ್ಪೇ. ಆದರೆ ಆವಿ ತಾನಾಗಿ ಎದ್ದು, ತಾನಾಗಿ ಹುಡುಕಿಕೊಂಡು ಬಂದರೆ ಯಾರೇನು ಮಾಡುವುದು? ಯಾರಾದರೂ ತಮಾಷೆಗೆ ಕೇಳಿದರೆ ಅವಳು, ನಾನು ಮೂಸುವುದಿಲ್ಲಪ್ಪ, ಅದು ಹೇಳುವುದನ್ನು ಕೇಳಿಸಿಕೊಳ್ಳುತ್ತೇನೆ ಅಷ್ಟೆ, ಎನ್ನುತ್ತಿದ್ದಳು. ಆವಿ ಹೇಳಿದ್ದನ್ನು ಕೇಳಿಯಾದ ಮೇಲೆ ಅವಳ ಬಾಯಿಂದ ಒಂದು ಮಾತು ಬರುತ್ತಿತ್ತು. ಹುಣಸೆಯ ಹಸಿ ಹೋಗಿಲ್ಲ ಎಂದೋ, ಮೆಂತ್ಯ ಒಂದು ಕಾಳು ಹೆಚ್ಚು ಹುರಿದಿದೆ ಎಂದೋ. ಇಲ್ಲವೆಂದರೆ ಬರಿಯ ಒಂದು ‘ಹೂಂ’. ಆ ಹೂಂ ಬಿದ್ದ ಮೇಲೆ ಕೈಗಳಿಗೆ ಮತ್ತೆ ಜೀವ ಬರುತ್ತಿತ್ತು.

ಮೈಸೂರು ಕಡೆಯಿಂದ ಮದುವೆಯಾಗಿ ಬಂದ ರತ್ನಾವತಿ, ಬ್ಯಾಂಕು, ವಿಮಾ ಕಚೇರಿಗಳಲ್ಲಿದ್ದ ಕನ್ನಡದ ಒಂಟಿ ಹುಡುಗರಿಗೆ ಕ್ಯಾರಿಯರಿನಲ್ಲಿ ಊಟ ಕಳಿಸುತ್ತ ಈ ಕೆಲಸಕ್ಕೆ ಇಳಿದವಳು. ಗಂಡ ಮಧುಸೂದನ್ ನಿವೃತ್ತರಾದ ಮೇಲೆ ಹಜಾರದಲ್ಲಿ ಕುಳಿತು ಬೆಳಗಿನ ಹೊತ್ತು ಷಟ್ಪದಿಗಳನ್ನು ರಾಗವಾಗಿ ಓದುತ್ತಿದ್ದರು. ಒಳಗೆ ಸೌಟುಗಳು ಆ ಲಯಕ್ಕೇ ತಿರುಗುತ್ತಿದ್ದವು. ಈಗ ಟಿ. ನಗರದ ಮಂಟಪಗಳಲ್ಲಿ ಮುಂಜಿ, ಸೀಮಂತ, ಅರವತ್ತರ ಶಾಂತಿ ಎಂದರೆ ಕನ್ನಡದವರ ಬಾಯಲ್ಲಿ ಮೊದಲು ಬರುವುದು ರತ್ನಕ್ಕನ ಹೆಸರು. ಕೆಲಸ ಬೆಳೆದು ಒಂದು ಅಡುಗೆಮನೆಗೆ ಹಿಡಿಸದಂತಾಗಿತ್ತು. ಪೆರಂಬೂರಿನಲ್ಲಿ ಎರಡನೆಯದನ್ನು ತೆರೆಯಬೇಕು, ಅದನ್ನು ಗುಂಡಣ್ಣನ ಕೈಕೆಳಗೆ ಅಡುಗೆ ಕಲಿಯುತ್ತಿದ್ದ, ಅಲ್ಲಿಯವಳೇ ಆದ ಸೀತಾಳ ಕೈಗೆ ಕೊಡಬೇಕು ಎಂದು ಒತ್ತಾಯಿಸುತ್ತಿದ್ದವಳು ಶ್ರೀಯಾ. ಅವಳು ರತ್ನಾವತಿಯ ಅಣ್ಣನ ಮಗಳು. ದೊಡ್ಡ ಕಂಪನಿಯೊಂದರಲ್ಲಿ ಜನಗಳ ಬೇಕುಬೇಡ ನೋಡಿಕೊಳ್ಳುವ ಕೆಲಸ ಬಿಟ್ಟು ಅತ್ತೆಯ ಜೊತೆ ಸೇರಿಕೊಂಡಿದ್ದಳು.

ಶ್ರೀಯಾ ಬಂದಮೇಲೆ ಸೋಮವಾರದ ಮೀಟಿಂಗ್ ಶುರುವಾಯಿತು. ಎಲ್ಲರೂ ಜಮಖಾನದ ಮೇಲೆ ದುಂಡಗೆ ಕುಳಿತು ತಮಗನ್ನಿಸಿದ ಒಂದು ಮಾತು ಹೇಳಬೇಕು. ಮೊದಲ ಸಲ ಗುಂಡಣ್ಣ ಬಹಳ ಯೋಚನೆ ಮಾಡಿ, “ರತ್ನಮ್ಮೋರು ಹೇಳ್ದಂಗೆ,” ಎಂದ. ರತ್ನಾವತಿ ಇನ್ನೂ ಏನೂ ಹೇಳಿರಲಿಲ್ಲ. ಸೀತಾ, “ನಾನೂ ಅದೇ,” ಎಂದಳು. ಉಳಿದವರು ತಲೆ ಅಲ್ಲಾಡಿಸಿದರು. ಕಾಫಿ ಬಂತು. ಮೀಟಿಂಗ್ ಮುಗಿಯಿತು.

“ಅತ್ತೆ, ನೀವು ಇಲ್ದಿದ್ರೂ ಇದು ನಡೀಬೇಕು. ಅದುದಾನ್, ಅದೇ ಬಿಸಿನೆಸ್ಸು,” ಎಂದು ಶ್ರೀಯಾ ಆಮೇಲೆ ಹೇಳಿದಳು.

ರತ್ನಾವತಿ ನಕ್ಕಳು. ನಾನೇಕೆ ಇಲ್ಲದಿರಲಿ, ಎಂದು ಒಳಗೇ ಅಂದುಕೊಂಡಳು.

ಧನುರ್ಮಾಸದಲ್ಲಿ ಅವಳಿಗೆ ಒಂದು ನೆಗಡಿ ಬಂತು. ಬೆಳಗಿನ ಜಾವದ ತಣ್ಣೀರು, ಹುಗ್ಗಿಯ ಕೆಲಸ, ಇದ್ದದ್ದೇ ಎಂದು ಶುಂಠಿ ಕಷಾಯ ಕುಡಿದಳು. ನೆಗಡಿ ಹೋಯಿತು. ಹೋಗುವಾಗ ಜೊತೆಗೆ ಏನನ್ನೋ ಕರೆದುಕೊಂಡು ಹೋಯಿತು ಎನ್ನುವುದು ಅವಳಿಗೆ ತಿಳಿದದ್ದು ಸಂಕ್ರಾಂತಿಯ ಹಿಂದಿನ ಭೋಗಿಯ ದಿನ. ಊರಿಗೆ ಊರೇ ಹಳೆಯ ಚಾಪೆ, ಟೈರುಗಳನ್ನು ಬೀದಿಯಲ್ಲಿ ಸುಟ್ಟು, ಹೊಗೆ ಮಂಜಿನೊಂದಿಗೆ ಬೆರೆತು, ಎದುರುಮನೆಯೂ ಕಾಣದಂತೆ ಆಗಿತ್ತು. ಹಾಲಿನವನು ಮುಖಕ್ಕೆ ಟವಲು ಸುತ್ತಿಕೊಂಡು ಬಂದ. ಮಧುಸೂದನ್ ಕೆಮ್ಮುತ್ತ ಪದ್ಯ ನಿಲ್ಲಿಸಿ ಒಳಗೆ ಹೋದರು. ರತ್ನಾವತಿ ಬಾಗಿಲಲ್ಲಿ ನಿಂತು ಉಸಿರೆಳೆದುಕೊಂಡಳು. ಬೆಳ್ಳನೆಯ ಆ ಲೋಕಕ್ಕೆ ಯಾವ ವಾಸನೆಯೂ ಇರಲಿಲ್ಲ. ನಿದ್ದೆಯಲ್ಲಿ ಕಾಣುವ ಬೆಂಕಿಯಂತೆ, ಉರಿ ಇತ್ತು, ಹೊಗೆ ಇತ್ತು, ಅವಳ ಬಳಿಗೆ ಏನೂ ತಲುಪುತ್ತಿರಲಿಲ್ಲ.

ಅವತ್ತಿನಿಂದ ಅವಳು ಗಾಜಿನ ಆಚೆ ಓಡಾಡುವವಳಂತಾದಳು. ಮಲ್ಲಿಗೆ ಬರಿಯ ಬಿಳಿಯಾಯಿತು. ಕರ್ಪೂರ ಬರಿಯ ಬೆಳಕಾಯಿತು. ಗಾಳಿ ತಿರುಗಿ ಚರ್ಮದ ಕಾರ್ಖಾನೆಗಳ ಕಡೆಯಿಂದ ಬೀಸಿದಾಗ, ಎಲ್ಲರಿಗಿಂತ ಮೊದಲು ಕಿಟಕಿ ಹಾಕುತ್ತಿದ್ದವಳು ಈಗ ಬೇರೆಯವರು ಎದ್ದು ಹಾಕುವುದನ್ನು ನೋಡಿ, ಓ, ಗಾಳಿ ತಿರುಗಿತೇನೋ, ಎಂದು ತಿಳಿದುಕೊಳ್ಳುತ್ತಿದ್ದಳು. ಕನಸಿನಲ್ಲಿ ನಡೆಯುವವರಿಗೆ ಕಾಲ ಕೆಳಗಿನ ನೆಲ ಇದೆಯೋ ಇಲ್ಲವೋ ಎನ್ನುವ ಅನುಮಾನ ಬರುತ್ತದಲ್ಲ, ಹಾಗೆ.

ವಾಸನೆ ಮತ್ತೆ ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಹೇಳಿದರು. ಅವಳು ಯಾರಿಗೂ ಹೇಳಲಿಲ್ಲ, ಗಂಡನಿಗೂ. ಹೇಳಿದರೆ ಏನಾಗುತ್ತದೆ ಎನ್ನುವುದನ್ನು ಎಷ್ಟೋ ಸಲ ಮನಸ್ಸಿನಲ್ಲೇ ನೋಡಿದ್ದಳು. ಯಾರೂ ಏನೂ ಅನ್ನುವುದಿಲ್ಲ. ಅಯ್ಯೋ ಪಾಪ ಎನ್ನುತ್ತಾರೆ, ಕೂರಲು ಕುರ್ಚಿ ತಂದು ಹಾಕುತ್ತಾರೆ, ಅಷ್ಟೆ. ಆ ಕುರ್ಚಿಯ ಭಯ ಅವಳಿಗೆ. ಒಲೆಯ ಮುಂದಿನ ಆ ಒಂದು ಗಳಿಗೆ ಅವಳಿಂದ ಹೊರಟುಹೋದರೆ, ಈ ಮನೆಯಲ್ಲಿ ರತ್ನಾವತಿ ಎನ್ನುವವಳು ಯಾರು?

ಹಾಗಾಗಿ ಅವಳು ಎಂದಿನಂತೆ ಒಂದು ಮಾರು ದೂರ ನಿಂತು, ಕಣ್ಣು ಮುಚ್ಚಿ, ಕೆನ್ನೆಗೆ ತಾಗುವ ಬಿಸಿಯನ್ನು ಲೆಕ್ಕ ಹಿಡಿದು ಹೂಂ ಎನ್ನುತ್ತ ಬಂದಳು. ಪಳಗಿದ ಕೈಗಳ ಅಡುಗೆ, ಕೆಡಲಿಲ್ಲ. ಪೆರಂಬೂರಿನ ಮಾತು ಎತ್ತಿದಾಗ ಮಾತ್ರ, ಸೀತಾ ಇನ್ನೂ ಸ್ವಲ್ಪ ಕಲಿಯಲಿ, ಎಂದು ತಳ್ಳುತ್ತ ಬಂದಳು. ಸೀತಾಳೂ ಅದನ್ನೇ ನಂಬಿದ್ದಳು.

ಮಾಘದಲ್ಲಿ ಟಿ. ನಗರದ ಮಂಟಪವೊಂದರಲ್ಲಿ ಒಂದು ಮುಂಜಿ. ಆ ದಿನದ ವಿಶೇಷ ಹಯಗ್ರೀವ. ಕಡಲೆಬೇಳೆ, ಬೆಲ್ಲ, ಕಾಯಿ ಕೂಡಿ ಹದಕ್ಕೆ ಬರುವ ಹೊತ್ತು ಕೈ ಬಿಡದೆ ತಿರುವುತ್ತಿರಬೇಕಾದ ಅಡುಗೆ ಅದು. ಒಲೆ ಹೊಸದು, ಉರಿ ಒಂದೇ ಕಡೆ ಜೋರು. ಅದೇ ಹೊತ್ತಿಗೆ ಪುರೋಹಿತರು ನೈವೇದ್ಯಕ್ಕೆ ಅವಸರ ಮಾಡಿದರು. ಗುಂಡಣ್ಣ ಮುಚ್ಚಳ ಓರೆ ಮಾಡಿದ. ಸೀತಾ ಸೌಟು ಹಿಡಿದು ನಿಂತಿದ್ದಳು. ಆವಿ ದಪ್ಪಗೆ ಎದ್ದು ರತ್ನಾವತಿಯ ಮುಖವನ್ನು ಮುಚ್ಚಿತು. ಅದರೊಳಗೆ ಅವಳು ಬಹಳ ದೂರದಲ್ಲಿದ್ದಳು, ಮೋಡದ ನಡುವೆ ನಿಂತವಳ ಹಾಗೆ. ಹೊರಗೆ ನಾಗಸ್ವರದವರು ಏನೋ ನುಡಿಸುತ್ತಿದ್ದರು.

ಹೂಂ, ಎಂದಳು.

ಮೊದಲ ಪಂಕ್ತಿ ಏಳುವ ಹೊತ್ತಿಗೆ ಅವಳು ಮಂಟಪದ ಕಂಬದ ಪಕ್ಕ ನಿಂತು ಎಲೆಗಳನ್ನು ನೋಡುತ್ತಿದ್ದಳು. ಅದು ಅವಳ ಅಭ್ಯಾಸ. ಜನ ಬಾಯಲ್ಲಿ ಚೆನ್ನಾಗಿತ್ತು ಎನ್ನುತ್ತಾರೆ, ಎಲೆ ನಿಜ ಹೇಳುತ್ತದೆ. ಅನ್ನ ಹೋಗಿತ್ತು, ಹುಳಿ ಹೋಗಿತ್ತು, ಪಲ್ಯ ಹೋಗಿತ್ತು. ಎಲೆ ಎಲೆಯ ತುದಿಯಲ್ಲೂ ಹಯಗ್ರೀವ ಒಂದು ಬೆರಳಿನಷ್ಟು ಮಾತ್ರ ಖಾಲಿಯಾಗಿ ಹಾಗೇ ಉಳಿದಿತ್ತು. ಸಾಲಾಗಿ, ಕೊನೆಯವರೆಗೆ. ಮುಂಜಿಯ ವಟುವಿನ ಅಜ್ಜಿ ಹತ್ತಿರ ಬಂದು ಅವಳ ಕೈ ಹಿಡಿದು, ಊಟ ಬಹಳ ತೃಪ್ತಿಯಾಯಿತು ಎಂದು ಹೇಳಿ, ಅವಳ ಕಣ್ಣು ನೋಡದೆ ಹೋದರು.

ರತ್ನಾವತಿ ಒಳಗೆ ಬಂದಳು. ಹಯಗ್ರೀವಕ್ಕೆ ಏನಾಗಿದೆ ಎಂದು ಸೀತಾಳನ್ನು ಮೆಲ್ಲಗೆ ಕೇಳಿದಳು.

ಸೀತಾ ತಲೆ ತಗ್ಗಿಸಿದಳು. “ಅಡಿ ಪಿಡ್ಚಿದೆ ಅಕ್ಕ. ತಳ ಹತ್ತಿ ಸೀದಿದೆ.”

“ನಿಂಗೆ ಯಾವಾಗ ಗೊತ್ತಾಯ್ತು?”

“ಮುಚ್ಚಳ ತೆಗೆದಾಗ್ಲೇ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ನೀವು ಹೂಂ ಅಂದ್ಬಿಟ್ರಿ. ನನ್ನ ಮೂಗೇ ಸರಿ ಇಲ್ವೇನೋ ಅನ್ಕೊಂಡೆ.”

ಗುಂಡಣ್ಣನೂ ಗೋಡೆಗೆ ಒರಗಿ ನಿಂತಲ್ಲಿಂದ, ನನಗೂ ಸೀದ ವಾಸನೆ ಬಡಿಯಿತು, ವಯಸ್ಸಾಯಿತಲ್ಲ, ಭ್ರಮೆ ಇರಬೇಕು ಎಂದುಕೊಂಡೆ, ಎಂದ. ಕಾಯಿ ತುರಿಯುವವರಿಗೂ ಬಡಿದಿತ್ತು. ನೀರು ತರುವವಳಿಗೂ. ಅಷ್ಟೂ ಜನರಲ್ಲಿ ಒಬ್ಬೊಬ್ಬರೂ ತಮ್ಮ ಮೂಗನ್ನೇ ಸುಳ್ಳು ಮಾಡಿಕೊಂಡಿದ್ದರು, ಅವಳ ಒಂದು ಹೂಂ ನಿಜವಾಗಿರಲಿ ಎಂದು. ಸೀದ ಹಯಗ್ರೀವ ದೇವರ ಮುಂದೆ ಹೋಗಿತ್ತು. ಅದಕ್ಕಿಂತ ಹೆಚ್ಚಿನ ಕೇಡು ಇನ್ನೇನಿದೆ ಎಂದು ಯೋಚಿಸಿದಾಗ, ಇನ್ನೊಂದು ಇದೆ ಎಂದು ಅವಳಿಗೆ ಹೊಳೆಯಿತು. ಇಷ್ಟು ವರ್ಷ ಅವಳು ಕಟ್ಟಿದ್ದು ಹೀಗೆ ಬಾಯಿ ಮುಚ್ಚಿ ನಿಲ್ಲುವ ಒಂದು ಮನೆಯನ್ನು. ಇವರನ್ನು ಪೆರಂಬೂರಿಗೆ ಕಳಿಸಿದರೆ ಇವರು ಅಲ್ಲಿಯೂ ಅವಳ ಹೂಂಗಾಗಿ ಕಾಯುತ್ತಾರೆ. ಅಡುಗೆ ಸೀಯುತ್ತದೆ, ಕಾಯುತ್ತಲೇ ಇರುತ್ತಾರೆ.

ಸೋಮವಾರ ಜಮಖಾನದ ಮೇಲೆ ಎಲ್ಲರೂ ಬೈಗುಳಕ್ಕೆ ಸಿದ್ಧರಾಗಿ ಕುಳಿತಿದ್ದರು. ಗುಂಡಣ್ಣ, ತಪ್ಪು ನನ್ನದೇ, ಸೌಟು ನನ್ನ ಕೈಯಲ್ಲೇ ಇರಬೇಕಿತ್ತು, ಎಂದು ಮೊದಲೇ ಶುರು ಮಾಡಿದ. ಹಾಗೆಯೇ ಬಿಟ್ಟಿದ್ದರೆ ತಪ್ಪು ಅವನ ಮೇಲೆ ಸುಲಭವಾಗಿ ಕೂತುಬಿಡುತ್ತಿತ್ತು. ರತ್ನಾವತಿ ಕೈ ಎತ್ತಿ ಅವನನ್ನು ತಡೆದಳು.

“ನಂಗೆ ವಾಸನೆ ಬರ್ತಿಲ್ಲ,” ಎಂದಳು. “ಭೋಗಿಯಿಂದ. ಇವತ್ತೂ ಇಲ್ಲ. ಸುಮ್ಮನೆ ಹೂಂ ಅಂತಿದ್ದೆ.”

ಒಂದು ಟ್ರೈನು ಬಂದು, ನಿಂತು, ಹೋಯಿತು. ಹಜಾರದಲ್ಲಿ ಮಧುಸೂದನ್ ಪುಟ ತಿರುವುತ್ತಿದ್ದ ಸದ್ದು ನಿಂತುಹೋಯಿತು.

ಕೊನೆಗೆ ಗುಂಡಣ್ಣ ನಿಟ್ಟುಸಿರು ಬಿಟ್ಟ. “ಅದಕ್ಕೇ ನನ್ನ ನಶ್ಯದ ವಾಸನೆಗೆ ಬೈಲಿಲ್ಲ ಇಷ್ಟು ದಿನ. ನಾನೇ ಸುಧಾರಿಸಿಬಿಟ್ಟೆ ಅನ್ಕೊಂಡಿದ್ದೆ ರತ್ನಮ್ಮ.”

ಮೊದಲು ನಕ್ಕವಳು ಸೀತಾ. ನಗು ಬಾಯಿಗೆ ಬಂದಾಗಲೇ ಅವಳ ಕಣ್ಣು ತುಂಬಿತ್ತು. ಆಮೇಲೆ ಎಲ್ಲರೂ ಒಂದೇ ಸಲ ಮಾತಾಡತೊಡಗಿದರು. ಆ ಮಂಟಪದ ಒಲೆಯೇ ಸರಿಯಿಲ್ಲ, ಮುಂದಿನ ಸಲ ನಮ್ಮದೇ ಒಯ್ಯಬೇಕು ಎಂದು ಒಬ್ಬರು. ಬೆಲ್ಲ ಈ ನಡುವೆ ಉಪ್ಪುಪ್ಪು ಬರುತ್ತಿದೆ, ಎಷ್ಟು ದಿನದಿಂದ ಹೇಳಬೇಕೆಂದಿದ್ದೆ ಎಂದು ಇನ್ನೊಬ್ಬರು. ಕಾಫಿ ತಣ್ಣಗಾಯಿತು. ರತ್ನಾವತಿ ಗೋಡೆಗೆ ಒರಗಿ ಕೇಳುತ್ತ ಕುಳಿತಳು. ತನ್ನದೇ ಮನೆಯಲ್ಲಿ ಇಷ್ಟು ದನಿಗಳಿವೆ ಎಂದು ಅವಳಿಗೆ ತಿಳಿದಿರಲಿಲ್ಲ. ಕಣ್ಣು ಮುಚ್ಚಿದರೆ ದೊಡ್ಡ ಮರವೊಂದರ ಕೆಳಗೆ ಸಂಜೆ ಕುಳಿತ ಹಾಗಿತ್ತು.

ಪೆರಂಬೂರಿನ ಅಡುಗೆಮನೆಗೆ ದಿನ ಗೊತ್ತಾಯಿತು. ರೈಲ್ವೆ ಕ್ವಾರ್ಟರ್ಸಿನ ಹತ್ತಿರದ ಹಳೆಯ ಮನೆ. ಎತ್ತರದ ಮಾಡು, ಗವಾಕ್ಷಿಯಿಂದ ಓರೆಯಾಗಿ ಇಳಿಯುವ ಬಿಸಿಲು. ಬಿಸಿಲಕೋಲಿನಲ್ಲಿ ಆವಿ ಏರುವುದು ನೀರಿನೊಳಗೆ ಹೊಗೆ ಹೋದಂತೆ ಕಾಣುತ್ತಿತ್ತು. ಮೊದಲ ದಿನ ಎಂದು ಗುಂಡಣ್ಣನೂ ಬಂದಿದ್ದ. ಸಾರಿಗೆ ಒಗ್ಗರಣೆ ಬಿದ್ದಿತ್ತು. ಪೂಜೆ ಮುಗಿದು ಮಂಗಳಾರತಿಗೆ ಮುಂಚೆ ನೈವೇದ್ಯ ಹೋಗಬೇಕು. ಒಳಗಿಂದ ಪೂಜೆಯ ಭಟ್ಟರ ಗಂಟೆಯ ದನಿ ಆಗಲೇ ಕೇಳುತ್ತಿತ್ತು.

ಸೀತಾ ಮುಚ್ಚಳ ಓರೆ ಮಾಡಿ, ಅಭ್ಯಾಸದಿಂದ ರತ್ನಾವತಿಯ ಕಡೆ ತಿರುಗಿದಳು. ರತ್ನಾವತಿ, ನನಗೆ ಹೇಳು, ಎಂದಳು.

ಸೀತಾ ಮುಖವನ್ನು ಅರೆಪಾಲು ತಿರುಗಿಸಿ ನಿಂತಳು. ಆಮೇಲೆ ಒಂದೊಂದಾಗಿ ಹೇಳಿದಳು. ಬೇಳೆ ತಣ್ಣಗೆ ಮಲಗಿದೆ, ಏನೂ ತಕರಾರಿಲ್ಲ. ಹುಣಸೆ ಪಕ್ವವಾಗಿದೆ. ಕೊತ್ತಂಬರಿ ಮುಂದೆ ಬರುತ್ತಿದೆ, ಮಕ್ಕಳು ಬಾಗಿಲಿಗೆ ಓಡಿ ಬರುವ ಹಾಗೆ. ಆದರೆ ಇಂಗು ಇನ್ನೂ ಮೇಲೇ ತೇಲುತ್ತಿದೆ, ಒಳಗೆ ಇಳಿದಿಲ್ಲ. ಅವಳು ಹೇಳುತ್ತಿದ್ದಂತೆ ರತ್ನಾವತಿಯ ಒಳಗೆ ಎಲ್ಲಿಯೋ, ನಿದ್ದೆಯ ಅಂಚಿನಲ್ಲಿ ಹಳೆಯ ಹಾಡೊಂದು ಕೇಳಿದಂತೆ, ಸಾರಿನ ಪರಿಮಳ ಎದ್ದು ನಿಂತಿತು. ಮೂಗಿನದಲ್ಲ ಅದು, ಸೀತಾಳ ಮಾತಿನದು.

“ಇನ್ನೊಂದು ಕುದಿ ಬರ್ಬೇಕು,” ಎಂದಳು ಸೀತಾ.

ಗಂಟೆ ಮತ್ತೆ ಕೇಳಿತು. ರತ್ನಾವತಿಯ ಬಾಯಿಂದ ಹಳೆಯ ದನಿ ತಾನಾಗಿ ಹೊರಬಿತ್ತು. “ಹೊತ್ತಾಯ್ತು. ಸಾಕು, ಇಳಿಸು.”

“ಬೇಡ ಅಕ್ಕ.”

ಬಟ್ಟೆ ಹಿಡಿದು ಪಾತ್ರೆಯ ಹಿಡಿಗೆ ಕೈ ಹಾಕಿದ್ದ ಗುಂಡಣ್ಣ ಇಬ್ಬರ ಮುಖವನ್ನೂ ನೋಡಿದ. ಸೀತಾಳ ಕಣ್ಣು ಸಾರಿನ ಮೇಲಿಂದ ಕದಲಲಿಲ್ಲ. “ಭಟ್ಟರಿಗೆ ಒಂದು ಗಳಿಗೆ ಇರೋಕೆ ಹೇಳಿ. ಇದು ಆಗಿಲ್ಲ,” ಎಂದಳು.

ಒಂದು ಉಸಿರಿನಷ್ಟು ಹೊತ್ತು ರತ್ನಾವತಿಗೆ ನೋವಾಯಿತು. ಆ ನೋವು ಕರಗುವಾಗ, ಎಷ್ಟೋ ದಿನದಿಂದ ಹೊತ್ತು ನಿಂತದ್ದನ್ನು ಯಾರೋ ತಲೆಯಿಂದ ಇಳಿಸಿಕೊಂಡಂತಾಯಿತು. ಅವಳು ಗುಂಡಣ್ಣನಿಗೆ ಕಣ್ಣಲ್ಲೇ ಬಿಡು ಎಂದಳು. ಅವನು ಕೈ ತೆಗೆದ. ಅವಳು ತಾನೇ ಒಳಗೆ ಹೋಗಿ, ಸೀತಾ ಸ್ವಲ್ಪ ತಾಳಬೇಕಂತೆ, ಎಂದು ಭಟ್ಟರಿಗೆ ತಿಳಿಸಿ ಬಂದಳು.

ಬಂದಾಗ ಸೀತಾ ಸಾರಿನಿಂದ ತಲೆ ಎತ್ತದೆಯೇ, “ಅಕ್ಕ, ಆ ಬುಟ್ಟೀಲಿ ಸೌತೆಕಾಯಿ ಇದೆ. ಕೋಸಂಬರಿಗೆ ಹೆಚ್ಚಿ ಕೊಡ್ತೀರಾ?” ಎಂದಳು.

ರತ್ನಾವತಿ ಸೆರಗು ಸಿಕ್ಕಿಸಿಕೊಂಡು, ಈಳಿಗೆಮಣೆಯನ್ನು ಬಿಸಿಲಿನ ಹತ್ತಿರ ಎಳೆದುಕೊಂಡು ಕುಳಿತಳು. ಮೊದಲ ಸೌತೆಕಾಯಿಯನ್ನು ಕೈಯಲ್ಲಿ ಹಿಡಿದು ಕೇಳಿದಳು:

“ಸಣ್ಣಗೆ ಹೆಚ್ಚಲಾ, ಸ್ವಲ್ಪ ದಪ್ಪಗಿರಲಾ?”

“ಸಣ್ಣಗೇ ಅಕ್ಕ,” ಎಂದಳು ಸೀತಾ.